ದೇವಣಿ ಆಕಳೂ ಬಿಳಿಜೋಳದ ಕಣಕಿಯೂ

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮ್ಮ ಸೀಮೆಯ ಬೆಳೆ ಮತ್ತು ದನಕರುಗಳ ಬಗ್ಗೆ ನಾಲ್ಕು ಸ್ವಾರಸ್ಯದ ಮಾತು ಹೇಳಬೇಕೆನಿಸಿತು. ದಿನಾ ಕಣ್ಣೆದುರಿಗಿದ್ದರೂ ಇವುಗಳ ಚರಿತ್ರೆ ಎಷ್ಟೋ ಮಂದಿಗೆ ಗೊತ್ತಿಲ್ಲ.

ಮೊದಲು ಮಣ್ಣಿನ ಮಾತು. ಬೀದರ ಶಹರ ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲಿದೆ. ಅಲ್ಲಿಂದ ಇಳಿದು ಭಾಲ್ಕಿ, ಔರಾದ ಕಡೆ ಹೊರಟರೆ ಮಾಂಜ್ರಾ ಸೀಮೆಯ ಕರಿಮಣ್ಣು ಶುರುವಾಗುತ್ತದೆ. ಒಂದೇ ಜಿಲ್ಲೆ, ಎರಡು ನೆಲ. ಹಿಂಗಾರಿನ ಬಿಳಿಜೋಳಕ್ಕೆ ಈ ಕರಿಮಣ್ಣೇ ತಾಯಿ.

ಇನ್ನು ದೇವಣಿ ಆಕಳು. ಈ ಹೆಸರು ಒಂದು ಊರಿನದು. ದೇವಣಿ ಆಗ ಉದಗೀರ ತಾಲೂಕಿನಲ್ಲಿತ್ತು. ಉದಗೀರ ನಿಜಾಮರ ಕಾಲದಲ್ಲಿ ನಮ್ಮ ಬೀದರ ಜಿಲ್ಲೆಗೇ ಸೇರಿತ್ತು! 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಉದಗೀರ, ನಿಲಂಗಾ, ಅಹ್ಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾವು ಮೈಸೂರು ರಾಜ್ಯಕ್ಕೆ ಬಂದೆವು. 1982ರಿಂದ ಆ ಸೀಮೆ ಲಾತೂರ ಜಿಲ್ಲೆಯಲ್ಲಿದೆ. ಊರು ಆಚೆಗಾಯಿತು, ಆಕಳು ಮಾತ್ರ ಎರಡೂ ಕಡೆ ಉಳಿಯಿತು. ಗಡಿ ಮನುಷ್ಯರಿಗೆ, ದನಕ್ಕೆಲ್ಲಿಯ ಗಡಿ?

ಮಚ್ಚೆ ನೋಡಿ ಈ ತಳಿಯಲ್ಲಿ ಬಗೆ ಹೇಳುತ್ತಾರೆ. ಬಿಳಿ ಮೈ, ಕಪ್ಪು ಮುಖ ಇದ್ದರೆ ವಾನೇರಾ; ಮೈತುಂಬ ಕರಿ ಮಚ್ಚೆಯಿದ್ದರೆ ಶೇವರಾ; ಬಹುಪಾಲು ಬಿಳಿಯಿದ್ದರೆ ಬಾಳಂಕ್ಯಾ. ಆಕಳು ಹಾಲಿಗೆ, ಹೋರಿ ಬೇಸಾಯಕ್ಕೆ, ಹೀಗೆ ಎರಡಕ್ಕೂ ಒದಗುವ ತಳಿಯಿದು. ಭಾಲ್ಕಿ ತಾಲೂಕಿನ ಕಟ್ಟಿ ತೂಗಾಂವದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. 2004ರ ಕಾಯ್ದೆಯಂತೆ ಸ್ಥಾಪನೆಯಾದ ರಾಜ್ಯದ ಪಶು ವಿಶ್ವವಿದ್ಯಾಲಯದ ಕೇಂದ್ರ ಸ್ಥಾನವೂ ಬೀದರವೇ.

ಆಡಿನ ಕಥೆಯಂತೂ ಇನ್ನೂ ಮಜಾ. ನಮ್ಮ ಕಡೆಯ ಕರಿ ಉಸ್ಮಾನಾಬಾದಿ ಆಡು ಒಂದೇ ಸೂಲಿನಲ್ಲಿ ಅವಳಿ ಮರಿ ಹಾಕುವುದಕ್ಕೆ ಪ್ರಸಿದ್ಧ. ಅದಕ್ಕೆ ಹೆಸರು ಕೊಟ್ಟ ಊರಿಗೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರಿತ್ತು. 2023ರಲ್ಲಿ ಆ ಊರು ಧಾರಾಶಿವ ಆಯಿತು. ಆದರೆ ಸಂತೆಯಲ್ಲಿ ಆಡಿನ ಹೆಸರು ಬದಲಾಗಿಲ್ಲ ನೋಡ್ರಿ!

ಬೆಳೆಗಳಿಗೂ ಊರುಂಟು. ತೊಗರಿ ಅಪ್ಪಟ ಭಾರತದ್ದು. ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದು ನಮ್ಮ ರೊಟ್ಟಿಯಾಯಿತು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಭಜ್ಜಿ, ರೊಟ್ಟಿ, ಅಂಬಲಿ ಉಣ್ಣುವಾಗ ಅದು ಪರದೇಶದ್ದೆಂದು ಯಾರಾದರೂ ಅಂದರೆ ಅಜ್ಜಿಯರು ಬೈದಾರು. ಚೀನಾ ಮೂಲದ ಸೋಯಾಬೀನ್ ಮಾತ್ರ ಹಾಗಲ್ಲ. ಇತ್ತೀಚಿನ ದಶಕಗಳಲ್ಲಿ ಬಂದು ಮುಂಗಾರಿನಲ್ಲಿ ಜಿಲ್ಲೆಯ ದೊಡ್ಡ ಬೆಳೆಯೇ ಆಯಿತು. ಬೇಗ ಬರುತ್ತದೆ, ರೊಕ್ಕ ಕೊಡುತ್ತದೆ. ಆದರೆ ಹೊಲದಿಂದ ನೇರ ಅಡತಿಗೆ ಹೋಗುತ್ತದೆಯೇ ಹೊರತು ನಮ್ಮ ಅಡುಗೆ ಮನೆಗೆ ಬರಲಿಲ್ಲ.

ಇಲ್ಲಿಯೇ ಯೋಚನೆ ಮಾಡುವ ಮಾತಿದೆ. ಜೋಳ ಬೆಳೆದರೆ ಕಾಳು ನಮಗೆ, ಕಣಕಿ ದನಕ್ಕೆ. ಸೋಯಾದ ಹೊಟ್ಟು ಆ ಕಣಕಿಗೆ ಸಮನಾಗದು. ಜೋಳದ ಎಕರೆ ಕಡಿಮೆಯಾದಂತೆ ಬಣವೆ ಸಣ್ಣದಾಯಿತು. ಬಣವೆ ಸಣ್ಣದಾದಾಗ ಮೇವು ಕೊಂಡು ತಂದು ಆಕಳು ಸಾಕುವುದು ಕಷ್ಟ. ಅತ್ತ ಟ್ರ್ಯಾಕ್ಟರ್ ಬಂದು ಎತ್ತಿನ ಕೆಲಸವೂ ಕಡಿಮೆಯಾಯಿತು. ಹೀಗೆ ಕೊಟ್ಟಿಗೆ ಖಾಲಿಯಾದರೆ ತಿಪ್ಪೆಯೂ ಇಲ್ಲ, ಹೊಲಕ್ಕೆ ಗೊಬ್ಬರವೂ ಇಲ್ಲ. ಮತ್ತೆ ಚೀಲದ ಗೊಬ್ಬರಕ್ಕೆ ನಮ್ಮ ಸಂಘದ ಬಾಗಿಲಿಗೇ ಬರಬೇಕು, ಸಾಲ ಬರೆಸಬೇಕು.

ಸೋಯಾ ಬಿತ್ತಬೇಡಿ ಎಂದು ಹೇಳುವಷ್ಟು ದೊಡ್ಡವನು ನಾನಲ್ಲ. ಮಕ್ಕಳ ಓದು, ಮದುವೆ ಎಲ್ಲಕ್ಕೂ ರೊಕ್ಕ ಬೇಕು. ಆದರೆ ಪ್ರತಿ ಸದಸ್ಯರೂ ಎರಡೆಕರೆಯಾದರೂ ಬಿಳಿಜೋಳಕ್ಕೆ ಬಿಡಲಿ, ಮನೆಗೊಂದು ದೇವಣಿ ಆಕಳು ಕಟ್ಟಲಿ. ಬೀಜಕ್ಕೆ ಸಾಲ ಕೊಡುವಾಗ ಸಂಘವೂ ಆಕಳಿನ ಮೇವಿನ ಲೆಕ್ಕ ಕೇಳಲಿ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಹಿರಿಯರು ಈ ವಿಷಯ ಎತ್ತಬೇಕೆಂದು ಕೋರುತ್ತೇನೆ.