ಚಿರತೆಗೆ ಬೋನು, ಪಾಡಾಕ್ಕೆ ನೋಟಿಸು

ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 104 ಚದರ ಕಿಲೋಮೀಟರು. ಬೊರಿವಲಿ ಸ್ಟೇಷನ್ನಿನಿಂದ ಅದರ ಬಾಗಿಲಿಗೆ ನಡೆದೇ ಹೋಗಬಹುದು. ಒಳಗಿರುವ ವಿಹಾರ್ ಕೆರೆ 1860ರಲ್ಲಿ, ತುಳಸಿ ಕೆರೆ 1879ರಲ್ಲಿ ಪೂರ್ಣಗೊಂಡವು. ನಗರಕ್ಕೆ ಈ ಕಾಡು ಮೊದಲು ಬೇಕಾದದ್ದು ನೀರಿಗಾಗಿ.

ಆದರೆ ಈ ಗುಡ್ಡಗಳಲ್ಲಿ ವಾರ್ಲಿ ಮೊದಲಾದ ಆದಿವಾಸಿಗಳು ಉದ್ಯಾನ ಹುಟ್ಟುವ ಎಷ್ಟೋ ಮೊದಲಿನಿಂದ ಇದ್ದಾರೆ. ನಾವು ಹಾಡಿ ಎನ್ನುವುದನ್ನು ಅಲ್ಲಿ ಪಾಡಾ ಎನ್ನುತ್ತಾರೆ. ಹುಲಿ, ಚಿರತೆ ಅವರಿಗೆ ವಾಘೋಬಾ ಎಂಬ ದೇವರು. ಉತ್ತರ ಕನ್ನಡದ ಹುಲಿದೇವರನ್ನು ಬಲ್ಲವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದ್ದಷ್ಟೇ ಅಲ್ಲ, ಉದ್ಯಾನದೊಳಗಿನ ಬದುಕನ್ನೂ ಬಿಗಿ ಮಾಡಿತು.

1995ರಲ್ಲಿ ನಗರದ ಪರಿಸರ ಸಂಘಟನೆಯೊಂದು ಒತ್ತುವರಿ ತೆರವಿಗಾಗಿ ಬಾಂಬೆ ಹೈಕೋರ್ಟಿಗೆ ಹೋಯಿತು. 1997ರಲ್ಲಿ ತೆರವಿನ ಆದೇಶ ಬಂತು. 1995ರ ಜನವರಿ 1ರ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ, ಅದೂ 7,000 ರೂಪಾಯಿ ಕಟ್ಟಿದರೆ, ಬೇರೆಡೆ ನೆಲೆ. ಗುಡಿಸಲುಗಳ ಜೊತೆಗೆ ಪಾಡಾಗಳ ಮೇಲೂ ತೆರವಿನ ಕತ್ತಿ ತೂಗಿತು.

ಇತ್ತ ಕಾಡಿನ ಅಂಚಿನವರೆಗೂ ಕಟ್ಟಡಗಳು ಎದ್ದವು. ಕಸಕ್ಕೆ ನಾಯಿ ಬಂದವು, ನಾಯಿಗೆ ಚಿರತೆ ಬಂತು. ಕಂಡಲ್ಲಿ ಬೋನಿಡಿ ಎಂಬ ಒತ್ತಡ ಅರಣ್ಯ ಇಲಾಖೆಯ ಮೇಲೆ ಬಿತ್ತು. ಹಿಡಿದ ಚಿರತೆಯನ್ನು ಪರಿಚಯವಿಲ್ಲದ ಕಾಡಿಗೆ ಬಿಟ್ಟರೆ ಅದು ದಿಕ್ಕೆಟ್ಟು ಅಲೆಯುತ್ತದೆ. 2004ರ ಜೂನ್‌ನಲ್ಲಿ ಉದ್ಯಾನದ ಸುತ್ತ ದಾಳಿಗಳು ಒಮ್ಮೆಲೇ ಏರಿದವು. ಸತ್ತವರಲ್ಲಿ ಹೆಚ್ಚಿನವರು ಬಡವರು. ಕತ್ತಲಲ್ಲಿ ಬಯಲಿಗೆ ಹೋಗಬೇಕಾದವರ ಮನೆಯವರು. ಚಿರತೆಗಳನ್ನು ಹಿಡಿದು ಬೇರೆಡೆ ಬಿಡುವುದರಿಂದಲೇ ಸಂಘರ್ಷ ಹೆಚ್ಚಬಹುದೆಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. 2011ರಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಆ ಪದ್ಧತಿ ಬೇಡವೆಂದಿತು. ಚಿರತೆಯ ಜೊತೆ ಎಚ್ಚರದಿಂದ ಬಾಳುವುದು ಈಗ ಇಲಾಖೆಯ ನೀತಿ. ಪಾಡಾದವರಿಗೆ ಅದು ಹಳೆಯ ಅಭ್ಯಾಸ.

2019ರ ಅಕ್ಟೋಬರಿನಲ್ಲಿ ಉದ್ಯಾನಕ್ಕೆ ಅಂಟಿಕೊಂಡ ಆರೆಯಲ್ಲಿ ಮೆಟ್ರೋ ಕಾರ್ ಶೆಡ್ಡಿಗಾಗಿ ರಾತ್ರೋರಾತ್ರಿ ಮರ ಕಡಿದರು. ಅದನ್ನು ಅರಣ್ಯವೆಂದು ಘೋಷಿಸಲು ಹೈಕೋರ್ಟ್ ಆಗಷ್ಟೇ ನಿರಾಕರಿಸಿತ್ತು. ಅಂದು ಪ್ರತಿಭಟಿಸಿದವರಲ್ಲಿ ನಗರದ ವಿದ್ಯಾರ್ಥಿಗಳೂ ಪಾಡಾದ ಜನರೂ ಒಟ್ಟಿಗಿದ್ದರು. ಆ ಜೊತೆ ಹೊಸದು. ಕಾಡು ಉಳಿಯಬೇಕೆನ್ನುವ ನಗರ, ಕಾಡಿನವರೂ ಉಳಿಯಬೇಕೆನ್ನಲು ಕಾಲು ಶತಮಾನ ಬೇಕಾಯಿತು.