ಅತಿಶೀತದಲ್ಲಿ ಹಳೆಯ ಡೀಸೆಲ್ ವಾಹನಗಳ ಚಾಲನೆ

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಒತ್ತಡಕ್ಕೊಳಗಾದ ಗಾಳಿಯ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಲಡಾಖ್‌ನಂತಹ ಅತಿಶೀತ ಪ್ರದೇಶಗಳಲ್ಲಿ ಹಳೆಯ ಡೀಸೆಲ್ ವಾಹನಗಳನ್ನು ಚಾಲೂ ಮಾಡುವುದು ಕಷ್ಟ. ತಣ್ಣಗಾದ ಲೋಹವು ಆ ಶಾಖವನ್ನು ಹೀರಿಕೊಳ್ಳುತ್ತದೆ. ಎಂಜಿನ್ ಎಣ್ಣೆ ಮಂದವಾಗುತ್ತದೆ, ಬ್ಯಾಟರಿಯ ಶಕ್ತಿಯೂ ಕುಗ್ಗುತ್ತದೆ. ಸಾಲದೆಂಬಂತೆ ಡೀಸೆಲ್‌ನಲ್ಲಿರುವ ಮೇಣದ ಅಂಶವು ಹೆಪ್ಪುಗಟ್ಟಿ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಅದನ್ನು ಕರಗಿಸಲು ಲಾರಿ ಚಾಲಕರು ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದುಂಟು. ಇದು ಪ್ರಾಣಾಪಾಯದ ರೂಢಿ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಲಡಾಖ್‌ಗಾಗಿ ಬಿಡುಗಡೆ ಮಾಡಿತು.

ಗ್ಲೋ ಪ್ಲಗ್ ಉಳ್ಳ ಎಂಜಿನ್‌ಗಳಲ್ಲಿ ಅದು ಕಾಯುವವರೆಗೆ ತಾಳ್ಮೆಯಿಂದಿದ್ದು ಬಳಿಕ ಕೀಲಿ ತಿರುಗಿಸಬೇಕು. ಅವಸರಕ್ಕೆ ಈಥರ್ ಸಿಂಪಡಿಸುವುದು ಸಲ್ಲದು; ಕಾದ ಪ್ಲಗ್ಗಿಗೆ ತಗುಲಿದ ಈಥರ್ ಅಕಾಲದಲ್ಲಿ ಸಿಡಿದು ಪಿಸ್ಟನ್ನೇ ಒಡೆಯಬಹುದು.