ಒಂದು ಲಿರಾದ ಭಿತ್ತಿಪತ್ರ

ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವನು ನಾನು. ಇಟಲಿಯ ಏಕೀಕರಣದ ಪಾಠ ಬಂದಾಗಲೆಲ್ಲ ಮ್ಯಾಜಿನಿ, ಕವೂರ್, ಗ್ಯಾರಿಬಾಲ್ಡಿ ಎಂಬ ಮೂರು ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, 1861 ಮತ್ತು 1870 ಎಂಬ ಎರಡು ಇಸವಿಗಳ ಕೆಳಗೆ ಗೆರೆ ಎಳೆದು, ‘ಹೀಗೆ ಇಟಲಿ ಒಂದಾಯಿತು’ ಎಂದು ಸೀಮೆಸುಣ್ಣ ಕೆಳಗಿಡುತ್ತಿದ್ದೆ. ಒಂದಾದ ಮೇಲೆ ಆ ಜನ ಏನು ಮಾಡಿದರು, ಹೇಗೆ ಬದುಕಿದರು ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿಯೂ ಏನೂ ಇರಲಿಲ್ಲ. ಮುಂದಿನ ಪಾಠ ಜರ್ಮನಿಯ ಏಕೀಕರಣ!

ನಿವೃತ್ತನಾದ ಮೇಲೆ ಆ ಉತ್ತರ ನನಗೆ ದೊರೆತದ್ದು ನಿರೀಕ್ಷಿಸದ ಕಡೆಯಿಂದ. ಉದ್ಯೋಗ ನಿಮಿತ್ತ ಯುರೋಪಿನಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ, “ಸಾರ್, ನಿಮಗೆ ಚಿತ್ರಗಳೆಂದರೆ ಇಷ್ಟವಲ್ಲವೆ?” ಎನ್ನುತ್ತ ಇಟಲಿಯ ಹಳೆಯ ಜಾಹೀರಾತು ಭಿತ್ತಿಪತ್ರಗಳ ದಪ್ಪ ಸಂಪುಟವೊಂದನ್ನು ಕೈಯಲ್ಲಿಟ್ಟ. ಅದರ ಭಾಷೆ ನನಗೆ ಬಾರದು. ಆದರೂ ಚಿತ್ರಗಳು ತಾವಾಗಿ ಮಾತನಾಡಿದವು. ಅವುಗಳ ಹಿನ್ನೆಲೆಯನ್ನು ಬೇರೆ ಬೇರೆ ಕಡೆ ಓದಿ ತಿಳಿಯುತ್ತ ಹೋದಂತೆ, ನಾನು ತರಗತಿಯಲ್ಲಿ ಬಿಟ್ಟುಬಿಟ್ಟಿದ್ದ ಪಾಠ ಪುಟಪುಟವಾಗಿ ತೆರೆದುಕೊಂಡಿತು. ಅದನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳಬೇಕೆನಿಸಿ ಈ ಬರಹ.

ಕಥೆಯನ್ನು 1895ರಿಂದ ಆರಂಭಿಸೋಣ. ವೆನಿಸ್ ನಗರದ ಸಮೀಪ ಟ್ರೆವಿಸೋ ಎಂಬ ಪಟ್ಟಣ. ನಾಂದೋ ಸಾಲ್ಚೆ ಎಂಬ ಹದಿನೇಳು-ಹದಿನೆಂಟರ ಹುಡುಗ ಬೀದಿಯ ಗೋಡೆಯ ಮೇಲೆ ಒಂದು ಭಿತ್ತಿಪತ್ರವನ್ನು ಕಂಡು ನಿಂತುಬಿಟ್ಟ. ಜೊವಾನ್ನಿ ಮತಲೋನಿ ಎಂಬ ಕಲಾವಿದ ರಚಿಸಿದ ಗ್ಯಾಸ್ ದೀಪದ ಜಾಹೀರಾತು ಅದು. ಸೂರ್ಯಕಾಂತಿ ಹೂಗಳ ನಡುವೆ ತೆಳುವಸ್ತ್ರದ ತರುಣಿ, ಅವಳ ಬಳಿ ಬೆಳಗುವ ದೀಪ. (ಆಸ್ಟ್ರಿಯಾದ ಔವರ್ ಎಂಬ ವಿಜ್ಞಾನಿ ಕಂಡುಹಿಡಿದ ಮ್ಯಾಂಟಲಿನ ದೀಪವದು. ನಮ್ಮ ಕಾಲದ ಮದುವೆಮನೆಗಳಲ್ಲಿ, ಬಯಲಾಟಗಳಲ್ಲಿ ಸುಯ್ಯೆಂದು ಉರಿಯುತ್ತಿದ್ದ ಪೆಟ್ರೋಮ್ಯಾಕ್ಸಿನ ಬಲೆಯೂ ಅದೇ ಜಾತಿಯದು.) ಹುಡುಗ ಭಿತ್ತಿಪತ್ರ ಅಂಟಿಸುವ ಆಳಿಗೆ ಒಂದು ಲಿರಾ ಕೊಟ್ಟು ಅದರ ಪ್ರತಿಯೊಂದನ್ನು ಪಡೆದು ಮನೆಗೊಯ್ದ. ಬೆಳೆದು ಲೆಕ್ಕಿಗನಾದ ಮೇಲೂ ಅವನ ಆ ಹುಚ್ಚು ಬಿಡಲಿಲ್ಲ. ಈ ಸಂಗತಿ ನನ್ನ ಮನಸ್ಸನ್ನು ಏಕೆ ಚುಚ್ಚಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಆ ಕಾಲದ ಭಿತ್ತಿಪತ್ರಗಳನ್ನು ಅಚ್ಚು ಮಾಡುತ್ತಿದ್ದುದು ಕಲ್ಲಚ್ಚಿನಲ್ಲಿ. ಎಣ್ಣೆಗೂ ನೀರಿಗೂ ಆಗದು ಎಂಬುದೇ ಈ ವಿದ್ಯೆಯ ತಳಹದಿ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ ಶಾಯಿ ಹಚ್ಚಿದರೆ, ಗೆರೆ ಇರುವಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಕೆಟ್ಟಿತು. ಇಟಲಿಯಲ್ಲಿ ಈ ಕಲೆಗೆ ತವರುಮನೆಯಾದದ್ದು ಮಿಲಾನಿನ ರಿಕೋರ್ಡಿ ಸಂಸ್ಥೆ. 1808ರಲ್ಲಿ ಸಂಗೀತದ ಸ್ವರಲಿಪಿಗಳನ್ನು ಪ್ರಕಟಿಸಲು ಹುಟ್ಟಿದ ಸಂಸ್ಥೆಯದು. ಸಂಗೀತ ನಾಟಕಗಳಿಗೆ ಪ್ರಚಾರ ಬೇಕಲ್ಲ! ನಮ್ಮ ಕಂಪನಿ ನಾಟಕದವರು ಊರೂರಿನ ಗೋಡೆಗಳಿಗೆ ಅಂಟಿಸುತ್ತಿದ್ದಂತೆ ಅವರೂ ಅಂಟಿಸಿದರು. ಪುಚ್ಚೀನಿಯ ‘ತೋಸ್ಕಾ’ 1900ರಲ್ಲಿ ರಂಗಕ್ಕೆ ಬಂದಾಗ ಅದಕ್ಕೆ ಅಡಾಲ್ಫ್ ಹೋಹೆನ್‌ಸ್ಟೈನ್ ರಚಿಸಿದ ಭಿತ್ತಿಪತ್ರವನ್ನು ನೋಡಬೇಕು: ಕೊಲೆಯಾಗಿ ಬಿದ್ದ ಅಧಿಕಾರಿಯ ಶವ, ಅದರ ಬಳಿ ಮೇಣದ ಬತ್ತಿ, ಎದುರಿಗೆ ನಿಂತ ನಾಯಿಕೆ. ಇಡೀ ನಾಟಕ ಒಂದು ಹಾಳೆಯಲ್ಲಿ!

ಇಲ್ಲೊಂದು ಸ್ವಾರಸ್ಯವಿದೆ. ಇಟಲಿಯ ಭಿತ್ತಿಪತ್ರಕಲೆಯ ಪಿತಾಮಹನೆಂದು ಕರೆಯುವ ಈ ಹೋಹೆನ್‌ಸ್ಟೈನ್ ಹುಟ್ಟಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಜರ್ಮನ್ ಮನೆತನದಲ್ಲಿ. ಅವನ ನಂತರದ ದಿಗ್ಗಜರಾದ ಲಿಯೊಪೋಲ್ಡೊ ಮೆಟ್ಲಿಕೋವಿಟ್ಸ್ (1868–1944) ಮತ್ತು ಮಾರ್ಚೆಲ್ಲೊ ದುದೋವಿಚ್ (1878–1962) ಇಬ್ಬರೂ ತ್ರಿಯೆಸ್ತೆ ಬಂದರಿನವರು. 1918ರವರೆಗೆ ಆ ಊರು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಇನ್ನು ಅಪ್ಪಟ ಇಟಲಿಯ ಲಿವೋರ್ನೊದಲ್ಲಿ ಹುಟ್ಟಿದ ಲಿಯೊನೆಟ್ಟೊ ಕಪ್ಪಿಯೆಲ್ಲೊ (1875–1942) ಹೆಸರು ಗಳಿಸಿದ್ದು ಪ್ಯಾರಿಸ್ಸಿನಲ್ಲಿ! ಹೊಸ ರಾಷ್ಟ್ರಕ್ಕೆ ಅದರ ಮುಖವನ್ನು ಬರೆದುಕೊಟ್ಟವರಲ್ಲಿ ಹಲವರು ಅದರ ಗಡಿಯಾಚೆಯವರು. ದೇಶಗಳ ಚರಿತ್ರೆಯಲ್ಲಿ ಇಂಥದು ಅಪರೂಪವೇನಲ್ಲ.

ಆ ಮುಖವನ್ನು ನೋಡಬೇಕಾಗಿದ್ದವರು ಯಾರು? 1861ರಲ್ಲಿ ಇಟಲಿ ಒಂದಾದಾಗ ಜನರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಓದುಬರಹ ಬರುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನ ಕಾಲಿಟ್ಟಾಗಲೂ ಅರ್ಧದಷ್ಟು ಜನ ಅನಕ್ಷರಸ್ಥರು. ಮನೆಮನೆಯಲ್ಲಿ ಆಡುತ್ತಿದ್ದುದು ಆಯಾ ಪ್ರಾಂತದ ನುಡಿ. ಗ್ರಂಥಸ್ಥವಾದ ಇಟಾಲಿಯನ್ ಭಾಷೆ ಬಲ್ಲವರು ಕೆಲವೇ ಜನ. ಇಂಥ ನಾಡಿನಲ್ಲಿ ಉತ್ತರದ ಕಾರ್ಖಾನೆಯ ಸರಕನ್ನು ದಕ್ಷಿಣದ ಬೀದಿಯಲ್ಲಿ ಮಾರಬೇಕಾದರೆ ಅಕ್ಷರವನ್ನು ನಂಬಿ ಪ್ರಯೋಜನವಿಲ್ಲ, ಚಿತ್ರವೇ ಹೇಳಬೇಕು. 1911ರಲ್ಲಿ ಬೊರ್ಸಲೀನೊ ಟೋಪಿಗೆ ದುದೋವಿಚ್ ರಚಿಸಿದ ಚಿತ್ರವನ್ನೇ ನೋಡಿ. ಹಳದಿ ಹಿನ್ನೆಲೆ, ಒಂದು ಖಾಲಿ ಕುರ್ಚಿ, ಅದರ ಮೇಲೆ ಟೋಪಿ, ಕೈಗವಸು, ಬೆತ್ತ. ಮನುಷ್ಯನೇ ಇಲ್ಲ! ಆದರೂ ಈಗಷ್ಟೇ ಒಳಗೆ ಹೋದ ದೊಡ್ಡಮನುಷ್ಯನೊಬ್ಬ ಕಣ್ಣಿಗೆ ಕಟ್ಟುತ್ತಾನೆ. ಮರುವರ್ಷ ಓಲಿವೆಟ್ಟಿ ಸಂಸ್ಥೆಯ ಮೊದಲ ಬೆರಳಚ್ಚು ಯಂತ್ರಕ್ಕೆ ತೆಯೊದೋರೊ ವೋಲ್ಫ್ ಫೆರ್ರಾರಿ ರಚಿಸಿದ ಭಿತ್ತಿಪತ್ರದಲ್ಲಿ, ಕೆಂಪು ನಿಲುವಂಗಿಯ ಮಹಾಕವಿ ಡಾಂಟೆ ಬೆರಳು ಚಾಚಿ ಯಂತ್ರವನ್ನು ತೋರಿಸುತ್ತ ನಿಂತಿದ್ದಾನೆ. ಆ ದೇಶದ ಭಾಷೆಗೆ ಅಡಿಪಾಯ ಹಾಕಿದ ಕವಿಯ ಕೈಯಿಂದಲೇ ಶಿಫಾರಸು!

ಕಪ್ಪಿಯೆಲ್ಲೊನ ಬಗೆ ಇನ್ನೂ ಬೇರೆ. ಸರಕನ್ನು ವರ್ಣಿಸುವ ಗೊಡವೆಗೇ ಅವನು ಹೋಗಲಿಲ್ಲ. ಕಪ್ಪು ಅಥವಾ ಒಂದೇ ಬಣ್ಣದ ಬಯಲಿನಲ್ಲಿ ಒಂದೇ ಒಂದು ಆಕೃತಿ. ದಾರಿಹೋಕ ಓಡುವ ಟ್ರಾಮಿನಿಂದ ಕಂಡರೂ ಮರೆಯಬಾರದು. 1903ರಲ್ಲಿ ಚಾಕೊಲೇಟಿನ ಜಾಹೀರಾತಿಗೆ ಕೆಂಪು ಕುದುರೆಯ ಮೇಲೆ ಹಸಿರು ಉಡುಪಿನ ಹೆಂಗಸನ್ನು ಕೂರಿಸಿದ. ಕೆಂಪು ಕುದುರೆಗೂ ಚಾಕೊಲೇಟಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಜನ ಅಂಗಡಿಗೆ ಹೋದಾಗ ಆ ಕುದುರೆಯನ್ನು ನೆನೆದರು. 1921ರಲ್ಲಿ ಕಂಪಾರಿ ಪಾನೀಯಕ್ಕಾಗಿ ಕಿತ್ತಳೆಯ ಸಿಪ್ಪೆಯೊಳಗಿನಿಂದ ಕುಣಿಯುತ್ತ ಹೊರಬರುವ ಕೆಂಪು ವಿದೂಷಕನನ್ನು ಬರೆದ. ಇಂದು ಪ್ರತಿಯೊಂದು ಕಂಪನಿಯೂ ಹುಡುಕುವ ‘ಗುರುತಿನ ಚಿತ್ರ’ದ ಕಲ್ಪನೆಗೆ ಅಡಿಪಾಯ ಹಾಕಿದವರಲ್ಲಿ ಈತನೂ ಒಬ್ಬ.

ಪ್ರವಾಸದ ಭಿತ್ತಿಪತ್ರಗಳಿಗೆ ಬಂದಾಗ ನನ್ನ ಸಂತೋಷಕ್ಕೆ ಸ್ವಲ್ಪ ನೆರಳು ಕವಿಯಿತು. 1906ರಲ್ಲಿ ಆಲ್ಪ್ಸ್ ಪರ್ವತದ ಕೆಳಗೆ ಸುಮಾರು 20 ಕಿಲೋಮೀಟರ್ ಉದ್ದದ ಸಿಂಪ್ಲಾನ್ ಸುರಂಗ ತೆರೆದಾಗ, ಮೆಟ್ಲಿಕೋವಿಟ್ಸ್ ಒಂದು ಅದ್ಭುತ ಚಿತ್ರ ಬರೆದ: ಕತ್ತಲೆಯ ಸುರಂಗದಿಂದ ಹೊರಬರುವ ರೈಲಿನ ಮುಂಭಾಗದಲ್ಲಿ ಕುಳಿತ ಎರಡು ಆಕೃತಿಗಳು, ದೂರದ ಬೆಳಕಿನಲ್ಲಿ ಮಿಲಾನ್ ನಗರ. 1919ರಲ್ಲಿ ಸರ್ಕಾರವೇ ಪ್ರವಾಸೋದ್ಯಮಕ್ಕಾಗಿ ‘ಎನಿಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅದು ರೈಲ್ವೆಯೊಡನೆ ಸೇರಿ ಹೊರತಂದ ಭಿತ್ತಿಪತ್ರಗಳು ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಹೊರದೇಶಗಳ ಸಿರಿವಂತರನ್ನು ಕೈಬೀಸಿ ಕರೆದವು. ಮಾರಿಯೊ ಬೊರ್ಗೋನಿ ಎಂಬ ಕಲಾವಿದ ನೇಪಲ್ಸಿನ ಅಚ್ಚುಕೂಟವೊಂದಕ್ಕಾಗಿ ಬರೆದ ಚಿತ್ರಗಳಲ್ಲಿ ಹೂಬಳ್ಳಿ ಹಬ್ಬಿದ ಮೊಗಸಾಲೆ, ನೀಲಿ ಕಡಲು, ಎಲ್ಲವೂ ಸೊಗಸು.

ಆದರೆ ಇತಿಹಾಸದ ಮೇಷ್ಟರಾದ ನಮಗೆ ಚಿತ್ರದ ಚೌಕಟ್ಟಿನ ಆಚೆಗೂ ಕಣ್ಣು ಹೋಗುತ್ತದೆ. 1876ರಿಂದ 1915ರವರೆಗೆ ಸುಮಾರು 1.4 ಕೋಟಿ ಇಟಾಲಿಯನ್ನರು ಹೊಟ್ಟೆಪಾಡಿಗಾಗಿ ದೇಶ ಬಿಟ್ಟರು. ಅವರಲ್ಲಿ ಲಕ್ಷಾಂತರ ಜನ ಹಡಗು ಹತ್ತಿದ್ದು ಅದೇ ನೇಪಲ್ಸಿನ ಬಂದರಿನಲ್ಲಿ. ಚಿತ್ರದ ನೀಲಿ ಕಡಲು ಬರುವವನಿಗೆ ವಿಹಾರ; ಹೋಗುವವನಿಗೆ ಅಗಲಿಕೆ. ಮುಸೊಲಿನಿಯ ಕಾಲದಲ್ಲಂತೂ ಈ ಕಂದಕ ಇನ್ನೂ ಆಳವಾಯಿತು. ಭಿತ್ತಿಪತ್ರಗಳು ಬಿಸಿಲು, ಕಡಲತೀರ, ಹಿಮಕ್ರೀಡೆಗಳನ್ನು ಸಾರುತ್ತಿದ್ದಾಗ, ಸರ್ವಾಧಿಕಾರಿಯನ್ನು ವಿರೋಧಿಸಿದವರನ್ನು ಪೊನ್ಜಾ, ಲಿಪಾರಿ, ವೆಂತೊತೆನೆ ಮೊದಲಾದ ದ್ವೀಪಗಳಿಗೆ ಗಡೀಪಾರು ಮಾಡಲಾಗುತ್ತಿತ್ತು. ಕಡಲೂ ಒಂದೇ, ಬಿಸಿಲೂ ಒಂದೇ. ಜೀನೊ ಬೊಕ್ಕಸೀಲೆ (1901–1952) ಎಂಬ ಪ್ರತಿಭಾವಂತ ಸೌಂದರ್ಯಸಾಧನಗಳಿಗೆ, ಪತ್ರಿಕೆಗಳ ಮುಖಪುಟಗಳಿಗೆ ಚೆಲುವೆಯರನ್ನು ಬರೆದ ಕೈಯಿಂದಲೇ 1943–45ರ ಅವಧಿಯಲ್ಲಿ ಜನಾಂಗದ್ವೇಷ ಕಾರುವ ಭಿತ್ತಿಪತ್ರಗಳನ್ನು ಬರೆದ. ರೇಖೆಯ ಬಿಗಿ, ಬಣ್ಣದ ಸೊಗಸು ಎರಡರಲ್ಲೂ ಒಂದೇ. ಓದು ಬಾರದವನಿಗೆ ದೀಪವನ್ನು ಮಾರಿದ ಕಲೆ ಅವನಿಗೆ ದ್ವೇಷವನ್ನೂ ಮಾರಬಲ್ಲದು. ಬಣ್ಣದ ಚಿತ್ರಗಳನ್ನು ತೋರಿಸಿ ಪಾಠ ಹೇಳಿದ ನಮ್ಮಂಥವರು ಇದನ್ನು ಮರೆಯಬಾರದು.

ಯುದ್ಧದ ನಂತರ ಕಲ್ಲಚ್ಚಿನ ಯುಗ ಮುಗಿಯುತ್ತ ಬಂತು. ಟ್ಯೂರಿನ್ನಿನ ಅರ್ಮಾಂದೊ ತೆಸ್ತಾ 1960ರಲ್ಲಿ ‘ಪುಂತ್ ಎ ಮೆಸ್’ ಎಂಬ ಪಾನೀಯಕ್ಕೆ ಒಂದು ಕೆಂಪು ಗೋಳ, ಅದರ ಕೆಳಗೆ ಅರ್ಧ ಗೋಳ ಇಷ್ಟನ್ನೇ ಬರೆದ. ಆ ಹೆಸರಿನಲ್ಲಿರುವುದೂ ಅದೇ ಲೆಕ್ಕ, ಒಂದು ಮತ್ತು ಅರ್ಧ! ಆ ಹೊತ್ತಿಗೆ ದೂರದರ್ಶನದ ಜಾಹೀರಾತುಗಳು ಆರಂಭವಾಗಿ ಮೂರು ವರ್ಷ ಕಳೆದಿತ್ತು. ಗೋಡೆಯ ಜಾಗವನ್ನು ಪರದೆ ಆಕ್ರಮಿಸಿತು. ಅದೇ 1960ರಲ್ಲಿ ಅಲ್ಬೆರ್ತೊ ಮಾಂಜಿ ಎಂಬ ಶಾಲಾ ಮಾಸ್ತರರು ಅದೇ ಪರದೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತ ವಯಸ್ಕ ಅನಕ್ಷರಸ್ಥರಿಗೆ ಓದು ಕಲಿಸತೊಡಗಿದರು. 1968ರವರೆಗೂ ಆ ಪಾಠ ನಡೆಯಿತು. ಇದನ್ನು ಓದಿದ ದಿನ ಆ ಮಾಸ್ತರರಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ಈಗ ಸಾಲ್ಚೆಯ ಕಡೆಗೆ ಮರಳೋಣ. 1962ರಲ್ಲಿ ತೀರಿಕೊಂಡಾಗ ಆ ಲೆಕ್ಕಿಗನ ಬಳಿ ಇದ್ದ ಭಿತ್ತಿಪತ್ರಗಳು ಸುಮಾರು 25,000! ಎಲ್ಲವನ್ನೂ ಅವನು ದೇಶಕ್ಕೆ ಬಿಟ್ಟುಕೊಟ್ಟ. 2017ರಲ್ಲಿ ಟ್ರೆವಿಸೋದಲ್ಲಿ ಅವಕ್ಕಾಗಿಯೇ ರಾಷ್ಟ್ರೀಯ ಸಂಗ್ರಹಾಲಯ ತೆರೆಯಿತು. ಮಳೆಗೆ ಕರಗಿ, ಮೇಲೊಂದು ಅಂಟಿಸಿದರೆ ಮರೆಯಾಗಿ, ಕೆಲವೇ ವಾರ ಬಾಳಬೇಕಾಗಿದ್ದ ಕಾಗದಗಳು ನೂರು ವರ್ಷ ದಾಟಿ ಉಳಿದದ್ದರಲ್ಲಿ ಅವನ ಪಾಲು ದೊಡ್ಡದು.

ನನ್ನ ಮನಸ್ಸು ಚುಚ್ಚಿದ್ದೂ ಇಲ್ಲಿಯೇ. ಬಹಳ ವರ್ಷಗಳ ಹಿಂದೆ ನಮ್ಮ ಶಾಲೆಗೆ ತಪಾಸಣೆ ಬರುತ್ತದೆಂದು ತಿಳಿದು ದಾಸ್ತಾನು ಕೋಣೆಯನ್ನು ಚೊಕ್ಕಟ ಮಾಡುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಬೀರುವಿನ ಹಿಂದೆ ಒಂದು ದೊಡ್ಡ ಸುರುಳಿ ಸಿಕ್ಕಿತು. ಬಟ್ಟೆಗೆ ಅಂಟಿಸಿದ ಭೂಪಟಗಳು, ಹಿಂದಿನ ಮುಖ್ಯೋಪಾಧ್ಯಾಯರು ಎಲ್ಲಿಂದಲೋ ತರಿಸಿದ್ದ ಬೇಲೂರು, ಗೋಲಗುಮ್ಮಟ, ಜೋಗದ ಪ್ರವಾಸ ಭಿತ್ತಿಪತ್ರಗಳು. ಅಂಚು ಗೆದ್ದಲು ಹಿಡಿದಿತ್ತು. ಜೋಗದ ನೀರು ಮಾತ್ರ ಇನ್ನೂ ಬೆಳ್ಳಗಿತ್ತು. ಒಂದು ಗಳಿಗೆ ಬಿಡಿಸಿ ನೋಡಿದವನು ಮತ್ತೆ ಸುತ್ತಿ ಹಳೆಯ ಪೇಪರಿನ ಅಂಗಡಿಯವನ ತಕ್ಕಡಿಗೆ ಹಾಕಿಸಿದೆ. ಹನ್ನೊಂದು ಕೆ.ಜಿ. ತೂಗಿತು. ಬಂದ ಹಣದಲ್ಲಿ ಪೊರಕೆ, ಫಿನಾಯಿಲು ತರಿಸಿದೆವು. ಕೋಣೆ ಚೊಕ್ಕಟವಾಯಿತೆಂದು ಅಧಿಕಾರಿಗಳು ಮೆಚ್ಚಿದರು.

ಇತಿಹಾಸ ಕಲಿಸಿ ಸಂಬಳ ಪಡೆಯುತ್ತಿದ್ದವನು ನಾನು. ಒಂದು ಲಿರಾ ಕೊಟ್ಟು ಕಾಗದ ಕೊಂಡ ಆ ಹುಡುಗನಿಗೆ ಯಾರೂ ಇತಿಹಾಸವನ್ನು ಉಳಿಸು ಎಂದು ಹೇಳಿರಲಿಲ್ಲ.

ನಿಮ್ಮ ಅಟ್ಟದ ಮೇಲೆ, ಹಳೆಯ ಟ್ರಂಕಿನ ತಳದಲ್ಲಿ ಹಳೆಯ ನಾಟಕದ ಹಸ್ತಪತ್ರಿಕೆಯೋ, ಸಾಬೂನಿನ ಕ್ಯಾಲೆಂಡರೋ, ಬೀಡಿಕಟ್ಟಿನ ಚೀಟಿಯೋ ಇದ್ದರೆ, ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡಿ. ನೋಡಿದ ಮೇಲೆ ಮತ್ತೆ ಸುತ್ತಿ ಅಲ್ಲಿಯೇ ಇಡಿ.